ಮಾರ್ಸೆಲಳ ಕಾವಲಿಗೆ ಬಂದವಳು

...ಹಾಗಾದರೆ ಇದೇ ನಿನ್ನ ಕೆಲಸ? ಮಾರ್ಸೆಲ ಮಗ್ಗಕ್ಕೆ ಕೂತರೆ ನೀನು ಪಕ್ಕದಲ್ಲಿ ಕೂರೋದು, ಅವಳು ಹಳ್ಳಕ್ಕೆ ಹೋದರೆ ನೀನು ಹಿಂದೆ ನಡೆಯೋದು. ಕೈಯಲ್ಲಿ ಒಂದು ಕೋಲೂ ಇಲ್ಲ. ಹಸಿರು ಅಂಗಿ, ಒಂದು ಪುಸ್ತಕ, ಅಷ್ಟೇ. ಹೊರದೇಶದವಳು ನೋಡ್ತಿದ್ದರೆ ಸಾಕ್ಷಿ ಹೇಳುವವಳನ್ನು ಯಾರೂ ಮುಟ್ಟೋದಿಲ್ಲವಂತೆ. ನಾರ್ವೆಯಲ್ಲಿ ನಿನಗೆ ಬೇರೆ ಕೆಲಸವೇ ಇರಲಿಲ್ಲವೇ, ಮರಿಟ್?

ನಗಬೇಡ. ಬಂದು ಮೂರು ತಿಂಗಳಾಯಿತು, ಇನ್ನೂ ಜೋಳದ ರೊಟ್ಟಿ ತಟ್ಟೋಕೆ ಬರಲಿಲ್ಲ. ನೀನು ತಟ್ಟಿದ್ದನ್ನು ನಾಯಿಯೂ ಮೂಸೋದಿಲ್ಲ ಅಂತ ಮಾರ್ಸೆಲಳೇ ಹೇಳಿದಳು. ಅಂಥವಳು ನೀನು ಅವಳ ಜೀವ ಕಾಯ್ತೀಯಾ?

ಬರೆದುಕೋ, ಬರೆದುಕೋ. 'ಪಕ್ಕದ ಮನೆಯ ಯುಸೇಬಿಯೊ ಬಂದ, ಬೈದ.' ನನಗೇನು ಭಯ? ಇಪ್ಪತ್ತು ವರ್ಷದಿಂದ ಈ ಊರಿನ ಇಗರ್ಜಿಯಲ್ಲಿ ಜಪ ಹೇಳಿಸುವವನು ನಾನು.

ಬುಧವಾರ ಗ್ವಾಟೆಮಾಲಾ ನಗರದ ಕೋರ್ಟಿನಲ್ಲಿ ಅವಳು ಏನು ಹೇಳ್ತಾಳೆ? ಯುದ್ಧದ ಕಾಲದಲ್ಲಿ ಸೈನ್ಯದವರು ಗಂಡನನ್ನು ಎಳೆದೊಯ್ದರು ಅಂತ. ಸರಿ. ಕೊಂದದ್ದನ್ನು ಕಂಡವರು ಯಾರು ಅಂತ ಕೇಳಿದರೆ? ಒಬ್ಬರೂ ಇಲ್ಲ. ಕೇಸು ಬಿದ್ದುಹೋಗುತ್ತೆ. ಅವಳು ಕೇಸು ಹಾಕಿರೋ ಆ ಸೈನ್ಯದ ಅಧಿಕಾರಿ ಮೀಸೆ ಸವರಿಕೊಂಡು ಮನೆಗೆ ಹೋಗ್ತಾನೆ. ಇವಳ ಬಾಗಿಲಲ್ಲಿ ಮತ್ತೊಂದು ಬೆದರಿಕೆ ಚೀಟಿ. ಅಷ್ಟು ಹೊತ್ತಿಗೆ ನೀನು ವಿಮಾನ ಹತ್ತಿರ್ತೀಯ.

ನಾನೇ? ಆ ವರ್ಷ ನಾನು ಕರಾವಳಿಗೆ ಕಬ್ಬು ಕಡಿಯೋಕೆ ಹೋಗಿದ್ದೆ. ಎಷ್ಟು ಸಲ ಕೇಳ್ತೀಯ?

ಇನ್ನು ಕೋರ್ಟಿಗೆ ಅಂತ ಹಳೇ ಗುಂಡಿ ಅಗೆದು ಮೂಳೆ ತೆಗೆಯೋ ನಿಮ್ಮ ಪಂಡಿತರು. ನಿನ್ನೆ ಗುಂಡಿಯಲ್ಲಿ ಅವಳ ಗಂಡ ದಿಯೇಗೋನ ತಲೆಬುರುಡೆ ಪಕ್ಕ ಒಂದು ಮಣ್ಣಿನ ಕುಡಿಕೆ ಸಿಕ್ಕಿತಲ್ಲ, 'ಅಡುಗೆ ಪಾತ್ರೆ' ಅಂತ ಚೀಟಿ ಅಂಟಿಸಿದರು. ಅಷ್ಟು ಓದಿ ಏನು ಬಂತು? ನಮ್ಮಲ್ಲಿ ಸತ್ತವನ ಜೊತೆ ನೀರು ಇಡ್ತೇವೆ, ಅವನ ದಾರಿಗೆ. ಬರೀ ಕುಡಿಕೆ ಇಟ್ಟು ಬಂದದ್ದಲ್ಲ ಅದು. ತುಂಬಿಸಿ, ಮಣ್ಣು ಬೀಳದ ಹಾಗೆ ಬಾಯಿಗೆ ಜೋಳದ ಸಿಪ್ಪೆ ಎರಡು ಪದರ ಮುಚ್ಚಿ, ಅವನದೇ ಕೆಂಪು ಸೊಂಟಪಟ್ಟಿಯ ನೂಲು ಎಳೆದು ಕಟ್ಟಿ...

ಯಾಕೆ ಬರೆಯೋದು ನಿಲ್ಲಿಸಿದೆ?

ಹೌದು. ಸಿಪ್ಪೆ ಎಂದೋ ಕೊಳೆತುಹೋಯಿತು, ನೂಲೂ ಹೋಯಿತು. ಅದು ಯಾರ ಕಣ್ಣಿಗೂ ಬಿದ್ದಿಲ್ಲ.

ಹಾಗೆ ನೋಡಬೇಡ. ಬರೆದುಕೋ...

ಊರುಕಾವಲು ಅಂತ ಹೇಳಿ ಸೈನ್ಯದವರು ಊರ ಗಂಡಸರನ್ನು ಸೇರಿಸಿಕೊಂಡು, ಆ ಗುಂಡಿ ತೋಡೋಕೆ ನಮ್ಮ ಕೈಗೆ ಗುದ್ದಲಿ ಕೊಟ್ಟಿದ್ದರು. ದಿಯೇಗೋ ನನ್ನ ಹೆಸರು ಹಿಡಿದು ನೀರು ಕೇಳಿದ, ಮರಿಟ್. ಅಧಿಕಾರಿ ಅಲ್ಲೇ ನಿಂತಿದ್ದ.

ನಾನು ಕೊಟ್ಟದ್ದು ಆಮೇಲೆ.