ಯಂಕಪ್ಪನ ಸಾಂಬಾರಿಗೆ ಹಂಡ್ರೆಡ್ ಪರ್ಸೆಂಟ್

ಅರೆ ಅರೆ, ಎಪ್ರನ್ ಯಾಕೆ ಬಿಚ್ತಾ ಇದ್ದಿ ಯಂಕಪ್ಪ? ಕೂತ್ಕೋ ಮಾರಾಯ! ನಾನು ಕರೆದದ್ದು ಬಹುಮಾನ ಕೊಡ್ಲಿಕ್ಕೆ! ಹತ್ತೊಂಬತ್ತು ವರ್ಷದಿಂದ ನನ್ನ ಹೋಟೆಲಿನ ಅಡುಗೆ ನಿನ್ನದು. ಈಗ ಸಿಟ್ಟು ಮಾಡಿ ಬಿಟ್ಟು ಹೋಗುದಾ?

ಹೋದ ವರ್ಷ ನಿನಗೆ ಸಂಬಳ ಏರಿಸ್ಲಿಲ್ಲ, ಒಪ್ಪಿದೆ. ಅದು ನನ್ನ ತಪ್ಪಾ? ಐರೋಲಿಯ ಕಂಪನಿಯಲ್ಲಿ ಮ್ಯಾನೇಜರ್ ಆಗಿರುವ ನಮ್ಮ ಗಿರಾಕಿ, ಆ ಹಿತೇಶ್, ಇದೇ ಟೇಬಲಲ್ಲಿ ಕೂತು, ಟಿಶ್ಯೂ ಪೇಪರಲ್ಲಿ ಬರೆದುಕೊಟ್ಟ. "ಪ್ರೇಮಣ್ಣ, ಒಬ್ಬೊಬ್ಬನಿಗೆ ಒಂದೊಂದು ಗೋಲ್ ಕೊಡಿ. ಮುಟ್ಟಿದವನಿಗೆ ಮಾತ್ರ ಇನ್ಕ್ರಿಮೆಂಟ್." ನಿನಗೆ ಕೊಟ್ಟದ್ದು ಎಷ್ಟು ಸುಲಭದ್ದು! ಗಿರಾಕಿಗಳು ಎರಡನೇ ಸಲ ಫುಕಟ್ ಸಾಂಬಾರ್ ಕೇಳುದು ಅರ್ಧಕ್ಕೆ ಇಳೀಬೇಕು, ಅಷ್ಟೇ. ನೀನು ಇಳಿಸಿದ್ದಿಯಾ? ಬಕೆಟ್ ಬಕೆಟ್ ಖಾಲಿ ಆಗ್ತಿತ್ತು!

...ನಗುದು ಯಾಕೆ?

ಸರಿ, ಈ ಮೂರು ತಿಂಗಳು ನೋಡು. ಒಬ್ಬ... ಒಬ್ಬನೇ ಒಬ್ಬ ಎರಡನೇ ಸಲ ಕೇಳ್ಲಿಲ್ಲ. ಹಂಡ್ರೆಡ್ ಪರ್ಸೆಂಟ್! ಇಡೀ ಮಾಜಿವಾಡಾದಲ್ಲಿ ಯಾವ ಹೋಟೆಲಿನವ ಮಾಡಿದ್ದಾನೆ ಹೇಳು? ಖಾಲಿ ಟೇಬಲ್ ತೋರಿಸ್ಬೇಡ. ಗಿರಾಕಿ ಕಮ್ಮಿ ಆದದ್ದು ಹೈವೇ ಅಗೆದದ್ದರಿಂದ. ಸಾಂಬಾರಿಗೂ ಅದಕ್ಕೂ ಎಂತ ಸಂಬಂಧ?

ಬೇಳೆ ಬೇಯಿಸಿದ ನೀರಿಗೆ ಬರೀ ಉಪ್ಪು ಹಾಕಿ ಕಳಿಸ್ತಿದ್ದಿ ಅಂತ ವೇಟರುಗಳು ಹೇಳ್ತಾರೆ. ನಾನು ಕೇಳಿದೆನಾ? ಒಂದು ಮಾತು ಕೇಳಿದೆನಾ? ಗೋಲ್ ಅಂದರೆ ಗೋಲ್! ರುಚಿ ನನಗೆಂತ ಗೊತ್ತು... ಡಾಕ್ಟರ್ ಸಾಂಬಾರ್ ಮುಟ್ಟಲೇಬೇಡಿ ಅಂದಿದ್ದಾರಲ್ಲ, ಎಸಿಡಿಟಿ. ಬೆಳಿಗ್ಗೆ ಬೆಳಿಗ್ಗೆ ರಿಕ್ಷಾ ಹಿಡಿದು ಕಳವಾಕ್ಕೆ ಹೋಗುದು ಅದಕ್ಕೇ, ಮದ್ದಿಗೆ.

ತಗೋ ಲಕೋಟೆ. ತಗೋ ಮಾರಾಯ! ನೀನು ಹೋದರೆ ನಾನು ಶಟರ್ ಎಳೀಬೇಕು, ಗೊತ್ತುಂಟಾ? ನಿಜ ಹೇಳ್ತಿದ್ದೇನೆ, ನನಗೆ ಹೆದರಿಕೆ ಆಗ್ತಾ ಉಂಟು.

ಬೈ ಬೇಕಾದರೆ... ಎಂತ ನೋಡ್ತಿದ್ದಿ? ನನ್ನ ಅಂಗಿಯಲ್ಲಿ ಎಂತ ಉಂಟು?

...ಈ ಹಳದಿ ಕಲೆಯಾ? ಇದು ಮದ್ದು. ಅರಶಿನದ ಮದ್ದು.

ಮದ್ದಿನಲ್ಲಿ ನುಗ್ಗೆಕಾಯಿಯ ನಾರು ಇರುದಿಲ್ಲ ಅಂತ ಹಾಗೆ ನೋಡ್ಬೇಡ ಯಂಕಪ್ಪ!

ಆಯ್ತು. ತಿಂದೆ. ಕಳವಾ ಸ್ಟೇಷನ್ ಹತ್ತಿರ, ರಘುಪತಿಯ ಹೋಟೆಲಲ್ಲಿ. ದಿನಾ. ಇಲ್ಲಿಯದ್ದು ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ ಮಾರಾಯ, ಎಂತ ಮಾಡ್ಲಿ...

ಕೇಳ್ಬೇಕಾದ್ದು ಕೇಳು... ನಾನೇ ಹೇಳ್ತೇನೆ. ಮೂರು ಸಲ. ಈವತ್ತು ಮೂರು ಸಲ ಕೇಳಿ ಹಾಕಿಸ್ಕೊಂಡೆ. ಫುಕಟ್!