ಉಸ್ತಾದ ಬಂದಗಿಸಾಬರು ನೆಲದಿಂದ ಎದ್ದದ್ದು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪಾಠ ಹೇಳಲು ವಿಜಯಪುರದಿಂದ ಬಂದಿರುವ ಗುರುಗಳೇ, ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಬಸ್ಸು ಬದಲಿಸಿ ಈ ಬಸವನ ಬಾಗೇವಾಡಿಗೆ ಬಂದ ಜಿಮ್ ತರಬೇತುದಾರರೇ, ತಾಲೀಮಿನ ಉಸ್ತಾದರೇ, ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತು ನನ್ನನ್ನೇ ಪರೀಕ್ಷಿಸುತ್ತಿರುವ ಸಭಿಕರೇ,

ಈ ಪುನಶ್ಚೇತನ ಶಿಬಿರದ ಉದ್ಘಾಟನೆಗೆ ನನಗೆ ಕೊಟ್ಟ ವಿಷಯ: ‘ದೇಹಶಕ್ತಿ ಬೆಳೆಸುವವರು ಎಲ್ಲಿಯವರೆಗೆ ಕಲಿಯಬೇಕು?’ ಪದವಿ ಬಂದಮೇಲೂ ಕಲಿಯಬೇಕೇ? ಜಿಮ್ಮಿನ ಗೋಡೆಗೆ ಪ್ರಮಾಣಪತ್ರ ತೂಗುಹಾಕಿದ ಮೇಲೂ ಕಲಿಯಬೇಕೇ? ಉತ್ತರವಾಗಿ ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ.

ನಾನು ಗುಲನಾಜ. ಊರು ದೇವಣಗಾಂವ, ಕೆಲಸ ಸಿಂದಗಿಯ ಜಿಮ್ಮಿನಲ್ಲಿ. ಕಬಡ್ಡಿ ಆಡುವ ಹುಡುಗಿಯರ ಕಾಲಿಗೆ ಕಸುವು ತುಂಬುವುದು ನನ್ನ ಉದ್ಯೋಗ. ನಮ್ಮ ತಂದೆ ಬಂದಗಿಸಾಬರು ಊರ ತಾಲೀಮಿನ, ಅಂದರೆ ಗರಡಿಮನೆಯ, ಉಸ್ತಾದರು. ಪೈಲವಾನರು ಪಂದ್ಯಕ್ಕೆ ಎತ್ತುವ ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸಿ ಊರ ಅಗಸಿಬಾಗಿಲವರೆಗೆ ನಡೆದುಹೋದವರು. ಮಗಳು ತಂದೆಯಿಂದಲೇ ಕಲಿತಿರಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ಇಲ್ಲ. ತಾಲೀಮಿನ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವ ರೂಢಿ ಇರಲಿಲ್ಲ. ನಾನು ಕಾಲೇಜಿನಲ್ಲಿ ಕಲಿತೆ. ತಾಲೀಮಿನ ಆ ಕೆಂಪು ಮಣ್ಣು ಒಂದು ದಿನವೂ ನನ್ನ ಅಂಗಾಲಿಗೆ ಹತ್ತಲಿಲ್ಲ. ಇರಲಿ, ಅದು ಇವತ್ತಿನ ವಿಷಯವಲ್ಲ.

ಹೋದ ವರ್ಷ ತಂದೆಗೆ, ನಮ್ಮ ಅಬ್ಬಾನಿಗೆ, ನ್ಯುಮೋನಿಯಾ ಆಯಿತು. ಉಸಿರು ಉಳಿಯಿತು, ಆದರೆ ಹಾಸಿಗೆ ಬಿಟ್ಟೇಳುವಷ್ಟರಲ್ಲಿ ತೊಡೆ ಕರಗಿಹೋಗಿತ್ತು. ‘ಮೂಳೆ ಗಟ್ಟಿ ಇದೆ, ಕಾಲಲ್ಲಿ ಶಕ್ತಿ ಇಲ್ಲ’ ಎಂದರು ಡಾಕ್ಟರು. ಅಬ್ಬಾ ನಕ್ಕರು. “ಬಂದಗಿಸಾಬನ ಕಾಲಾಗ ಶಕ್ತಿ ಇಲ್ಲಂತ! ಕೇಳಿದೇನವಾ?” ಎಂದು ನನ್ನ ಕಡೆ ತಿರುಗಿದರು. ನಾನು ನಗಲಿಲ್ಲ. ಆಮೇಲೆ ಅವರೂ ನಗಲಿಲ್ಲ.

ಮೊದಲ ಶುಕ್ರವಾರ ಮಸೀದಿಗೆ ಹೋದರು. ಕುರ್ಚಿ ಕೊಟ್ಟರೆ ಒಲ್ಲೆನೆಂದು ನೆಲದ ಮೇಲೆಯೇ ನಮಾಜು ಮಾಡಿದರು. ಏಳಲು ಆಗಲಿಲ್ಲ. ಇಬ್ಬರು ರಟ್ಟೆ ಹಿಡಿದು ಎತ್ತಿದರು. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. “ಕಲ್ಲು ಎತ್ತಿದಾಂವನ್ನ ಮಂದಿ ಎತ್ತಬೇಕಾತು. ಇನ್ನ ನಾ ಹೊರಗ ಬರೂದಿಲ್ಲ” ಎಂದರು. ಬರಲೂ ಇಲ್ಲ.

ಸಭಿಕರೇ, ರೇಡರ್ ಹುಡುಗಿಯನ್ನು ಚಿಗರಿಯಂತೆ ಜಿಗಿಸುವುದು ನನಗೆ ಗೊತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯನನ್ನು ನೆಲದಿಂದ ಎಬ್ಬಿಸುವುದು ಹೇಗೆ? ಎಷ್ಟು ಭಾರ ಕೊಡಬೇಕು, ಉಸಿರು ಎಲ್ಲಿ ಕಟ್ಟುತ್ತದೆ, ಎಲ್ಲಿ ನಿಲ್ಲಿಸಬೇಕು? ನನ್ನ ಪದವಿಯಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಊಹೆಯ ಮೇಲೆ ಮಾಡಿಸಲು ಧೈರ್ಯ ಬರಲಿಲ್ಲ. ವಿಜಯಪುರದಲ್ಲಿ ವಯಸ್ಸಾದವರ ವ್ಯಾಯಾಮದ ತರಗತಿ ನಡೆಯುತ್ತದೆಂದು ಕೇಳಿ ಪ್ರತಿ ಭಾನುವಾರ ಹೋಗತೊಡಗಿದೆ. ನನಗಿಂತ ಸಣ್ಣವರ ಪಕ್ಕದಲ್ಲಿ ಮತ್ತೆ ಬೆಂಚಿನ ಮೇಲೆ ಕೂತೆ.

ಕಲಿತದ್ದನ್ನು ಮನೆಗೆ ತಂದೆ. “ಅಬ್ಬಾ, ಈ ಕುರ್ಚಿಮ್ಯಾಲೆ ಕುಂದ್ರಬೇಕು, ಕೈ ಊರದ ಏಳಬೇಕು. ಇಷ್ಟ.”

“ಕುರ್ಚಿಯಿಂದ ಏಳೂದು ಕಸರತ್ತೇನ? ಇದನ್ನ ಕಲಿಯಾಕ ಬಸ್ ಹತ್ತಿ ಹೋಗಿದ್ದೇನ ನೀ?” ಮತ್ತೆ ಗೋಡೆಯ ಕಡೆ ತಿರುಗಿದರು.

ಪಕ್ಕದ ಮನೆಯ ಕಾಶಿಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕುರಿ ಕಾಯ್ದು ಮೊಣಕಾಲು ಸವೆಸಿಕೊಂಡವಳು. “ಅವರು ಒಲ್ಲೆ ಅಂದ್ರ ನನಗರ ಹೇಳಿಕೊಡವಾ” ಎಂದು ಕುರ್ಚಿಯ ಮೇಲೆ ಕೂತೇಬಿಟ್ಟಳು. ಧೈರ್ಯವಾಗಲೆಂದು ನಾನೂ ಅವಳ ಜೊತೆ ಕೂತು ಎದ್ದೆ. ಅಬ್ಬಾ ಕಣ್ಣ ಮೂಲೆಯಿಂದ ನೋಡಿದರು. ಉಸ್ತಾದನಾದವನು ತಪ್ಪು ಭಂಗಿ ಕಂಡು ಎಷ್ಟು ಹೊತ್ತು ಸುಮ್ಮನಿದ್ದಾನು?

“ಏ ಕಾಶಿಬಾಯಿ, ಬೆನ್ನು ನೆಟ್ಟಗ ಇಡು! ಹಿಮ್ಮಡಿಮ್ಯಾಲೆ ಭಾರ ಹಾಕು.”

“ಹೇಳೂದು ಸಸಾರ ಐತ್ರಿ ಉಸ್ತಾದ್ರ. ಮಾಡಿ ತೋರಸ್ರಿ.”

ತೋರಿಸಿದರು. ಮೂರನೆಯ ಪ್ರಯತ್ನಕ್ಕೆ, ತುಟಿ ಕಚ್ಚಿ, ಎದ್ದರು. ಆಮೇಲೆ ನನ್ನ ಕಡೆ ನೋಡಿ, “ನೀನೂ ಮಣಕಾಲ ಒಳಗ ಬಿಡಾಕತ್ತಿ ನೋಡು, ಹೊರಗ ಇಡಬೇಕು” ಎಂದರು. ನನ್ನ ಮೊಣಕಾಲು ಸರಿಯಾಗಿಯೇ ಇತ್ತು, ಅದು ಕಾಲೇಜಿನ ಮೊದಲ ಪಾಠ. ಆದರೂ ‘ಹೂಂರಿ ಅಬ್ಬಾ’ ಎಂದೆ. ಯಾಕೆ ಅಂದೆ? ಅದಕ್ಕೆ ಮೊದಲು ಅವರು ನನಗೆ ಏನನ್ನೂ ಕಲಿಸಿ...

ಕ್ಷಮಿಸಿ. ಒಂದು ಗುಟುಕು ನೀರು ಕುಡಿಯುತ್ತೇನೆ.

ಅಲ್ಲಿಂದ ದಿನವೂ ಅವರೇ ಕುರ್ಚಿ ಹಾಕಿ ಕಾಯತೊಡಗಿದರು. ಕುರ್ಚಿಯ ನಂತರ ಗಿಡ್ಡ ಮಣೆ, ಮಣೆಯ ನಂತರ ಚಾಪೆ. ಅವಸರ ಮಾಡಿದಾಗ ತಡೆದೆ, ಬೈದರು, ಆದರೂ ನಿಂತರು. ಚಳಿಗಾಲ ಕಳೆಯಿತು. ಒಂದು ಶುಕ್ರವಾರ ಹೇಳದೆ ಕೇಳದೆ ಟೋಪಿ ಹಾಕಿಕೊಂಡು ಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ. ಅಂದು ರಟ್ಟೆ ಹಿಡಿದಿದ್ದವರಲ್ಲಿ ಒಬ್ಬನಾದ ನೆರೆಮನೆಯ ಯುನೂಸ ಅವರಿಗಿಂತ ಮೊದಲೇ ಓಡಿ ಬಂದ. “ಅಕ್ಕಾ, ನಾ ಕೈ ಕೊಟ್ಟೆ, ಹಿಡೀಲಿಲ್ಲ ನೋಡು. ತಾವ ಎದ್ರು!”

ಈಗ ನಮ್ಮ ಅಂಗಳದಲ್ಲಿ ಅಬ್ಬಾ ಊರ ಹಿರಿಯರಿಗೆ ತರಗತಿ ನಡೆಸುತ್ತಾರೆ, ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಇವತ್ತು ನನ್ನ ಜೊತೆ ಬನ್ನಿ ಎಂದು ಅಬ್ಬಾನನ್ನು ಕರೆದೆ. “ಮಂದಿ ದಾರಿ ಕಾಯ್ತಾರ, ನಾ ಹೆಂಗ ಬರ್ಲಿ?” ಎಂದರು. ನಾನು ಬಸ್ಸು ಹತ್ತುವಾಗ ಮತ್ತೆ ಕೂಗಿದರು. “ಕಾಶಿಬಾಯಿ ಎಡಗೈ ಕಿವಿ ಮ್ಯಾಲೆ ಏರವಲ್ದು. ಯಾಕಂತ ನನಗೂ ತಿಳೀವಲ್ದು. ಅಲ್ಲಿ ಬಲ್ಲವರು ಬಂದಿರ್ತಾರ, ಕೇಳಿಕೊಂಡ ಬಾ.”

‘ತಿಳೀವಲ್ದು’ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಊಟವಾದ ಮೇಲೆ ಭುಜದ ಪಾಠವಿದೆಯಂತೆ. ಮೊದಲ ಪ್ರಶ್ನೆ ದೇವಣಗಾಂವದ ಉಸ್ತಾದರದ್ದು, ಗುರುಗಳು ದಯವಿಟ್ಟು ಉತ್ತರ ಕೊಡಬೇಕು. ಇಷ್ಟು ಹೊತ್ತು ಕೇಳಿದ ನಿಮಗೂ, ಕರೆದವರಿಗೂ ಋಣಿ. ನಮಸ್ಕಾರ.