ಅಕ್ಕ ಸುಮ್ಮನಿದ್ದರೆ ಕ್ಷೇಮ

...ಸ್ಕ್ಯಾನ್ ಜೆಲ್ ತಣ್ಣಗೇ ಇರೋದು ಕಣೇ. ಮುಂದುಗಡೆ ಕೌಂಟರಲ್ಲಿ ಕೂತು ಬಂದ ಬಸುರೀರಿಗೆಲ್ಲ "ಏನೂ ಆಗಲ್ಲ, ಹೋಗಿ ಮಲಗಿ" ಅಂತ ಕಳಿಸ್ತಿದ್ದೆಯಲ್ಲ, ಈಗ ನಿನ್ನ ಹೊಟ್ಟೆಗೆ ಬಿದ್ದಾಗ ಗೊತ್ತಾಯ್ತಾ? ಸ್ವಲ್ಪ ಎಡಕ್ಕೆ ತಿರುಗು. ಹಾಂ, ಸಾಕು. ನಾನೇನಂತಿದ್ದೆ? ಆ ವಕೀಲರ ಕತೆ.

ಗರ್ಭಪಾತಕ್ಕೆ ಗಡುವು ಎಷ್ಟು ವಾರ ಇರಬೇಕು ಅಂತ ನಿನ್ನೆ ಟೀವಿಲಿ ಜಗಳ. ಇಬ್ಬರು ವಕೀಲರು, ಇಬ್ಬರ ಕೈಯಲ್ಲೂ ಒಂದೇ ಸ್ಕ್ಯಾನ್ ಚಿತ್ರ. ಒಬ್ಬ ಅಂತಾನೆ, ನೋಡಿ, ಕೈ ಬೀಸ್ತಿದೆ, ಜೀವ ಅಲ್ವಾ? ಇನ್ನೊಬ್ಬ ಅಂತಾನೆ, ಈ ಚಿತ್ರ ಬಂದ ಮೇಲೇ ತಾಯಿಗೆ ವಿಷಯ ಗೊತ್ತಾಗೋದು, ಅವಳಿಗೆ ಯೋಚನೆ ಮಾಡೋಕೆ ಟೈಮ್ ಬೇಡ್ವಾ? ಇಬ್ಬರದ್ದೂ ಎಂಟು ತಿಂಗಳ ಹೊಟ್ಟೆ, ಹೆರೋದು ಮಾತ್ರ ಬರೀ ಮಾತು.

ಯಾಕೆ, ನಗು ಬರ್ಲಿಲ್ವಾ?

ಮೇಲಿನ ಮಹಡಿಯವರು ಅಂಗೈಯಗಲದ ಮಗುನ ಗಾಜಿನ ಪೆಟ್ಟಿಗೆಲಿಟ್ಟು ಉಳಿಸ್ತಾರೆ. ಉಳಿಸಿದ್ದೇ ತಡ, "ಇಷ್ಟು ಬೇಗ ಹುಟ್ಟಿದ್ದೂ ಬದುಕತ್ತೆ, ಗಡುವು ಹಿಂದಕ್ಕೆ ತನ್ನಿ." ಕೆಳಗೆ ನನ್ನ ಮೆಷಿನ್ ಐದನೇ ತಿಂಗಳಲ್ಲಿ ಏನೋ ತೋರಿಸತ್ತೆ, "ಗೊತ್ತಾಗೋದೇ ಈಗ, ಗಡುವು ಮುಂದಕ್ಕೆ ಹಾಕಿ." ಎರಡು ಮೆಷಿನ್ನೂ ಮಾರಿದವನು ಒಬ್ಬನೇ, ಅವನಿಗೆ ಎರಡು ಕಡೆಯಿಂದಲೂ ಪುಣ್ಯ. ಅಜ್ಜಿ ಕಾಲದಲ್ಲಿ ಹೊಟ್ಟೆಯೊಳಗಿನದ್ದು ದೇವರೊಬ್ಬನಿಗೇ ಗೊತ್ತಿತ್ತು, ಬೈಗುಳನೂ ಅವನಿಗೇ ಹೋಗ್ತಿತ್ತು. ಈಗ ನನಗೂ ಗೊತ್ತಾಗತ್ತೆ. ಇನ್ನು ಬೈಸಿಕೊಳ್ಳೋರು ಯಾರು ಹೇಳು?

ಉಸಿರು ಬಿಗಿ ಹಿಡೀಬೇಡ.

ನೀನೇನು ಕಮ್ಮಿಯವಳಾ? ಗಡುವು ಕಮ್ಮಿ ಮಾಡಿ ಅನ್ನೋ ಅರ್ಜಿಗೆ ಸಹಿ ಹಾಕಿದ್ದಲ್ಲದೆ, ಕೌಂಟರಲ್ಲಿಟ್ಟು ಬಂದವರ ಕೈಲೂ ಹಾಕಿಸ್ದೆ. "ಮೆಷಿನ್ ಉಳಿಸೋದಾದ್ರೆ ತೆಗೆಸೋಕೆ ನಾವ್ಯಾರು ಅಕ್ಕಾ" ಅಂತ ನನಗೇ ಪಾಠ ಬೇರೆ. ಸದ್ಯ, ಆ ಅರ್ಜಿ ಇನ್ನೂ ಕೋರ್ಟಲ್ಲಿ ನಿದ್ದೆ ಹೊಡೀತಿದೆ...

ಸದ್ಯ ಅಂದೆನಾ? ಸುಮ್ನೆ ಬಾಯಿಗೆ ಬಂತು ಕಣೇ.

ಯಾಕೆ ಹಾಗೆ ನೋಡ್ತೀಯ? ಸ್ಕ್ರೀನಾ? ತಿರುಗಿಸ್ತೀನಿ ಇರು, ಅಳತೆ ಮುಗೀಲಿ. ತಲೆದು ಇನ್ನೊಂದ್ಸಲ... ಎದೆ ಬಡಿತ ಜೋರಾಗಿದೆ, ನಿನ್ನ ಗಂಡನ ಗೊರಕೆ ಥರ. ಕೈಯೂ ಬೀಸ್ತಿದೆ. ಆ ವಕೀಲ ಇದ್ದಿದ್ರೆ ಕುಣಿದಾಡ್ತಿದ್ದ.

ನಗೇ. ಒಂದ್ಸಲ ನಗು.

...ಗೊತ್ತು. ಕೌಂಟರಿಗೆ ಬಂದ ಹೊಸ ಹುಡುಗೀರಿಗೆ ನೀನು ಹೇಳಿಕೊಡ್ತಿದ್ದದ್ದು ನನ್ನ ಕಿವಿಗೂ ಬಿದ್ದಿದೆ. "ಬಾಗಿಲ ಹತ್ರ ಕಿವಿಗೊಡಿ. ಅಕ್ಕ ಸುಮ್ಮನಿದ್ದರೆ ಕ್ಷೇಮ, ಸುಮ್ಮನೆ ಸ್ಕ್ರೀನ್ ತಿರುಗಿಸ್ತಾಳೆ, ತಾಯಿ ನೋಡ್ಕೋತಾಳೆ. ಅಕ್ಕ ಜೋಕ್ ಹೊಡೀತಿದ್ರೆ ಒಂದು ಲೋಟ ನೀರು ತುಂಬಿಡಿ."

ನೀನು ಮಲಗಿದಾಗಿಂದ ನಾನು ಬಾಯೇ ಮುಚ್ಚಿಲ್ಲ, ಅಲ್ವಾ.

ಕೈ ಕೊಡು. ಮಗು ತಲೆಯೊಳಗೆ ಇರಬೇಕಾದ್ದು ಇಲ್ಲ ಕಣೇ. ಮತ್ತೆ ಮತ್ತೆ ನೋಡ್ದೆ. ದೊಡ್ಡ ಡಾಕ್ಟರು ಬಂದು ಬಿಡಿಸಿ ಹೇಳ್ತಾರೆ, ಮುಂದೆ ಏನೇನು ಮಾಡಬಹುದು ಅಂತಾನೂ ಹೇಳ್ತಾರೆ. ನೀನು ಏನೇ ಮಾಡಿದ್ರೂ ನಾನು... ಇಲ್ಲ, ನಾನೇನೂ ಹೇಳಲ್ಲ.

ನೀರು ತರ್ತೀನಿ, ಕೈ ಬಿಡು. ...ಸರಿ, ಬಿಡ್ಬೇಡ.

ಸ್ಕ್ರೀನ್ ತಿರುಗಿಸ್ಲಾ, ಬೇಡ್ವಾ? ಈಗ್ಲೇ ಹೇಳ್ಬೇಕಾಗಿಲ್ಲ. ಯೋಚನೆ ಮಾಡೋಕೆ ನಿನಗೆ ಇನ್ನೂ ಟೈಮ್ ಇದೆ.

ಹೂಂ. ಆಗ ಅರ್ಜಿ ಮಾತಿಗೆ ಸದ್ಯ ಅಂತಲೇ ಅಂದಿದ್ದು.